ಎಸ್‌ಎಸ್‌ಡಿಯಿಂದ ಬೂಟ್ ಆಗುವ ರಾಸ್ಪ್‌ಬೆರಿ ಪೈ: ದಾವಣಗೆರೆಯ ಒಂದು ಡಿಟಿಪಿ ಅಂಗಡಿಯ ಅನುಭವ

ದಾವಣಗೆರೆಯ ಜಯದೇವ ವೃತ್ತದಿಂದ ಕೂಗಳತೆಯಲ್ಲಿರುವ ನಮ್ಮ ಡಿಟಿಪಿ ಅಂಗಡಿಯಲ್ಲಿ ಮೂರು ಕಂಪ್ಯೂಟರುಗಳು, ಎರಡು ಪ್ರಿಂಟರುಗಳು ಮತ್ತು ಒಂದು ಜೆರಾಕ್ಸ್ ಯಂತ್ರ ಇವೆ. ಮೂರೂ ಕಂಪ್ಯೂಟರುಗಳಿಗೆ ಬೇಕಾದ ಕಡತಗಳನ್ನು ಒಂದೇ ಕಡೆ ಇಟ್ಟು ಹಂಚುವ ಕೆಲಸವನ್ನು, ಗೋಡೆಗೆ ಬಡಿದ ಪ್ಲೈವುಡ್ ತುಂಡಿನ ಮೇಲೆ ಕೂತಿರುವ ಒಂದು ರಾಸ್ಪ್‌ಬೆರಿ ಪೈ, ಅಂದರೆ ಅಂಗೈಯಗಲದ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರು, ಮಾಡುತ್ತದೆ. ಅದು ಮೊದಲು ಎಸ್‌ಡಿ ಕಾರ್ಡಿನಿಂದ ಬೂಟ್ ಆಗುತ್ತಿತ್ತು, ಅಂದರೆ ಚಾಲೂ ಆಗುವಾಗ ತನ್ನ ವ್ಯವಸ್ಥೆಯನ್ನು ಅದರಿಂದ ಎತ್ತಿಕೊಳ್ಳುತ್ತಿತ್ತು; ಆಮೇಲೆ ನಾಲ್ಕನೆಯ ಪೀಳಿಗೆಯ ಪೈ 4ರ ಯುಎಸ್‌ಬಿಗೆ ಸಿಕ್ಕಿಸಿದ ಸಾಟಾ ಎಸ್‌ಎಸ್‌ಡಿಯಿಂದ (ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳ ಡಿಸ್ಕು; ಸಾಟಾ ಅದರ ಹಳೆಯ ಜೋಡಣೆಯ ಬಗೆ); ಈಗ ಒಂದು ವರ್ಷದಿಂದ ಐದನೆಯ ಪೀಳಿಗೆಯ ಪೈ 5ರ ನೆತ್ತಿಯ ಮೇಲೆ ಕೂರಿಸಿದ, ಎನ್‌ವಿಎಂಇ ಎಂಬ ಹೊಸ ಬಗೆಯ ಎಸ್‌ಎಸ್‌ಡಿಯಿಂದ. ಕೊನೆಯ ಎರಡು ಜೋಡಣೆಗಳ ಗುಣದೋಷಗಳನ್ನು ಇಲ್ಲಿ ಬರೆದಿದ್ದೇನೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಯಾವ ಕಂಪನಿಯ ಎಸ್‌ಎಸ್‌ಡಿ ಕೊಳ್ಳಬೇಕೆಂದು ತಲೆ ಕೆಡಿಸಿಕೊಳ್ಳುವ ಹೊತ್ತಿನಲ್ಲಿ ಅರ್ಧವನ್ನಾದರೂ ಅದಕ್ಕೂ ಪೈಗೂ ನಡುವೆ ಬರುವ ಕೇಸು (ಎಸ್‌ಎಸ್‌ಡಿಯನ್ನು ಕೂರಿಸುವ ಡಬ್ಬಿ), ಕೇಬಲ್ಲು ಮತ್ತು ಕರೆಂಟಿನ ಅಡಾಪ್ಟರಿಗೆ ಕೊಡಬೇಕು. ನನಗೆ ಬಂದ ತೊಂದರೆಗಳಲ್ಲಿ ಒಂದೂ ಡಿಸ್ಕಿನಿಂದ ಬಂದದ್ದಲ್ಲ.

ಎಸ್‌ಡಿ ಕಾರ್ಡನ್ನು ಬಿಟ್ಟದ್ದಕ್ಕೆ ವೇಗದ ಆಸೆ ಕಾರಣವಾಗಿರಲಿಲ್ಲ. ನಮ್ಮಲ್ಲಿಗೆ ಬರುವ ಕೆಲಸಗಳಲ್ಲಿ ಲಗ್ನಪತ್ರಿಕೆಗೆ ವಾರದ ಗಡುವು ಇರುತ್ತದೆ, ಫ್ಲೆಕ್ಸಿಗೆ ಒಂದು ದಿನ ಇರುತ್ತದೆ, ಆದರೆ ಶಿವಗಣಾರಾಧನೆಯ ಪತ್ರಿಕೆಗೆ ಗಡುವೆಂಬುದೇ ಇಲ್ಲ. ಮನೆಯವರು ಮೃತರ ಫೋಟೊ ಹಿಡಿದು ಎದುರಿಗೇ ನಿಂತಿರುತ್ತಾರೆ. ಅಂಥದೊಂದು ಮಧ್ಯಾಹ್ನ ಕರೆಂಟ್ ಹೋಗಿ ಬಂದ ಮೇಲೆ ಪೈ ಮೇಲೇಳಲಿಲ್ಲ. ಪರದೆ ಸಿಕ್ಕಿಸಿ ನೋಡಿದಾಗ ಕಡತ ವ್ಯವಸ್ಥೆಯನ್ನು ಓದಲಾಗುತ್ತಿಲ್ಲ ಎಂಬ ಸಾಲುಗಳು ಒಂದರ ಹಿಂದೊಂದು ಓಡುತ್ತಿದ್ದವು. ಹಿಂದಿನ ರಾತ್ರಿಯ ನಕಲು ಇನ್ನೊಂದು ಕಂಪ್ಯೂಟರಿನಲ್ಲಿ ಇದ್ದುದರಿಂದ ಮಾನ ಉಳಿಯಿತು, ಆದರೆ ಅಂದು ಬೆಳಿಗ್ಗೆಯಿಂದ ಮಾಡಿದ್ದ ಕೆಲಸವೆಲ್ಲ ನೀರುಪಾಲಾಯಿತು. ಎರಡು ವರ್ಷಗಳಲ್ಲಿ ಹಾಗೆ ಸತ್ತ ಮೂರನೆಯ ಕಾರ್ಡು ಅದು.

ಕಾರ್ಡುಗಳು ಹೀಗೆ ಸಾಯುವುದಕ್ಕೆ ಕಾರಣವಿದೆ. ಫ್ಲ್ಯಾಶ್ ಮೆಮೊರಿಯಲ್ಲಿ ಕೆಲವು ಕೆಬಿಗಳಷ್ಟು ಚಿಕ್ಕ ಪುಟವನ್ನು ಬರೆಯಬಹುದು, ಆದರೆ ಅಳಿಸುವಾಗ ಅಂಥ ನೂರಾರು ಪುಟಗಳಿರುವ ಇಡೀ ಬ್ಲಾಕನ್ನೇ ಅಳಿಸಬೇಕು. ಹಾಗಾಗಿ ಕಂಪ್ಯೂಟರು ತನ್ನ ದಿನಚರಿ ಬರೆಯುವ ಲಾಗ್ ಕಡತಕ್ಕೆ ಒಂದು ಸಾಲು ಸೇರಿಸಿದರೂ ಒಳಗೆ ದೊಡ್ಡ ಎತ್ತಂಗಡಿಯೇ ನಡೆಯಬಹುದು. ಯಾವ ದತ್ತ ಈಗ ಎಲ್ಲಿದೆ ಎಂಬ ಲೆಕ್ಕದ ಪಟ್ಟಿಯನ್ನು ಕಾರ್ಡಿನೊಳಗಿನ ಪುಟ್ಟ ಕಂಟ್ರೋಲರು ಇಟ್ಟುಕೊಂಡಿರುತ್ತದೆ. ಆ ಪಟ್ಟಿಯನ್ನು ತಿದ್ದುತ್ತಿರುವ ಗಳಿಗೆಯಲ್ಲೇ ಕರೆಂಟ್ ಹೋದರೆ, ನೀವು ಮುಟ್ಟದೇ ಇದ್ದ ಕಡತವೂ ಕೆಡಬಹುದು. ಕ್ಯಾಮೆರಾದಲ್ಲಿ ಫೋಟೊ ತುಂಬಿಸಲೆಂದು ಹುಟ್ಟಿದ ವಸ್ತುವನ್ನು ದಿನದ 24 ಗಂಟೆಯೂ ಚೂರುಚೂರು ಬರೆಯುವ ಕೆಲಸಕ್ಕೆ ಹಚ್ಚಿದರೆ ಅದು ದೂರುವುದು ಸಹಜ. ಎಸ್‌ಎಸ್‌ಡಿಯಲ್ಲೂ ಇರುವುದು ಅದೇ ಜಾತಿಯ ಮೆಮೊರಿ. ಆದರೆ ಅದರ ಕಂಟ್ರೋಲರು ಹೆಚ್ಚು ಜಾಣ, ಸವೆತವನ್ನು ಎಲ್ಲ ಬ್ಲಾಕುಗಳಿಗೂ ಸಮನಾಗಿ ಹಂಚುತ್ತದೆ, ಕೆಟ್ಟ ಬ್ಲಾಕುಗಳ ಬದಲಿಗೆ ಬಳಸಲು ಮೀಸಲು ಜಾಗ ಇಟ್ಟುಕೊಂಡಿರುತ್ತದೆ, ಮತ್ತು ತಾನು ಎಷ್ಟು ಸವೆದಿದ್ದೇನೆಂದು ಕೇಳಿದರೆ ಹೇಳುತ್ತದೆ. ಬಹುತೇಕ ಎಸ್‌ಡಿ ಕಾರ್ಡುಗಳನ್ನು ಹಾಗೆ ಕೇಳುವುದಕ್ಕೆ ಬಾಯಿಯೇ ಇಲ್ಲ.

ಪೈ 4 ಮಾರುಕಟ್ಟೆಗೆ ಬಂದದ್ದು 2019ರ ಜೂನ್‌ನಲ್ಲಿ. ಆಗ ಅದಕ್ಕೆ ಯುಎಸ್‌ಬಿಯಿಂದ ಬೂಟ್ ಆಗುವುದು ತಿಳಿದಿರಲಿಲ್ಲ. ಆ ಸೌಲಭ್ಯ ಅದರ ಸ್ಥಿರವಾದ ಬೂಟ್‌ಲೋಡರಿನಲ್ಲಿ, ಅಂದರೆ ಪೈಯನ್ನು ಎಬ್ಬಿಸುವ ಮೊದಲ ತಂತ್ರಾಂಶದಲ್ಲಿ, ಸೇರಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಹಳೆಯ ಪೈ 4 ಕೊಂಡವರು ಮೊದಲು ಬೋರ್ಡಿನ ಮೇಲಿರುವ ಇಇಪ್ರಾಮ್ ಎಂಬ ಪುಟ್ಟ ನೆನಪಿನ ಚಿಪ್ಪನ್ನು ನವೀಕರಿಸಬೇಕು. ರಾಸ್ಪ್‌ಬೆರಿ ಪೈ ಇಮೇಜರ್ ತಂತ್ರಾಂಶದಲ್ಲೇ ಇದಕ್ಕೊಂದು ಆಯ್ಕೆಯಿದೆ: ಒಂದು ಖಾಲಿ ಕಾರ್ಡಿಗೆ ಅದನ್ನು ಬರೆದು ಪೈಗೆ ಹಾಕಿ ಚಾಲೂ ಮಾಡಿದರೆ, ಕೆಲಸ ಮುಗಿದ ಕೂಡಲೇ ಪರದೆ ಪೂರ್ತಿ ಹಸಿರಾಗುತ್ತದೆ. ಯಾವುದರಿಂದ ಮೊದಲು ಬೂಟ್ ಆಗಬೇಕು ಎಂಬುದನ್ನು ಒಂದು ಸಂಖ್ಯೆಯಲ್ಲಿ ಬರೆದಿಡುತ್ತಾರೆ. 1 ಎಂದರೆ ಎಸ್‌ಡಿ ಕಾರ್ಡ್, 4 ಎಂದರೆ ಯುಎಸ್‌ಬಿ, 6 ಎಂದರೆ ಎನ್‌ವಿಎಂಇ, ಎಫ್ ಎಂದರೆ ಯಾವುದೂ ಸಿಗದಿದ್ದರೆ ಮತ್ತೆ ಮೊದಲಿನಿಂದ ಹುಡುಕು ಎಂದರ್ಥ. ಸಂಖ್ಯೆಯನ್ನು ಬಲದಿಂದ ಎಡಕ್ಕೆ ಓದಬೇಕು. ಪೈ 4ರಲ್ಲಿ ಮೊದಲೇ ಇರುವುದು ಎಫ್41, ಅಂದರೆ ಮೊದಲು ಕಾರ್ಡು, ಆಮೇಲೆ ಯುಎಸ್‌ಬಿ. ಕಾರ್ಡನ್ನು ತೆಗೆದಿಟ್ಟರೆ ಏನನ್ನೂ ಬದಲಿಸದೆ ಎಸ್‌ಎಸ್‌ಡಿಯಿಂದ ಬೂಟ್ ಆಗುತ್ತದೆ ಎಂಬುದು ಇದರ ತಾತ್ಪರ್ಯ. ಈ ಭಾಗದಲ್ಲಿ ನನ್ನ ದೂರು ಏನೂ ಇಲ್ಲ. ಹತ್ತು ನಿಮಿಷದ ಕೆಲಸ.

ತಾಪತ್ರಯ ಶುರುವಾದದ್ದು ಕೇಸಿನಿಂದ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯನ್ನು ಪೈಗೆ ನೇರವಾಗಿ ಸಿಕ್ಕಿಸಲಾಗದು. ಸಾಟಾ ಭಾಷೆಯನ್ನು ಯುಎಸ್‌ಬಿ ಭಾಷೆಗೆ ತಿರುಗಿಸುವ ದುಭಾಷಿ ಚಿಪ್ಪೊಂದು ನಡುವೆ ಬೇಕು. ಅದು ಕೇಸಿನೊಳಗೆ ಅಥವಾ ಕೇಬಲ್ಲಿನ ತುದಿಯಲ್ಲಿ ಅಡಗಿರುತ್ತದೆ, ಮತ್ತು ಡಬ್ಬಿಯ ಮೇಲೆ ಅದರ ಹೆಸರು ಬರೆದಿರುವುದು ಅಪರೂಪ. ನಾನು ಊರಿನ ಅಂಗಡಿಯೊಂದರಲ್ಲಿ ಕೆಲವು ನೂರು ರೂಪಾಯಿ ಕೊಟ್ಟು ತಂದ ಮೊದಲ ಕೇಸಿನ ಡಬ್ಬಿಯ ಮೇಲೆ ಯುಎಸ್‌ಬಿ 3.0 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಪೈಗೆ ಸಿಕ್ಕಿಸಿ, ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಯುಎಸ್‌ಬಿ ಆಜ್ಞೆಯನ್ನು ಹೈಫನ್ ಟಿ ಸೇರಿಸಿ ಕೊಟ್ಟು ನೋಡಿದರೆ ಆ ಸಾಲಿನ ಕೊನೆಯಲ್ಲಿ 5000ಎಂ ಇರಬೇಕಾದಲ್ಲಿ 480ಎಂ ಎಂದಿತ್ತು. 480 ಎಂದರೆ ಹಳೆಯ ಯುಎಸ್‌ಬಿ 2ರ ವೇಗ. ಅಂಗಡಿಯವರ ಮೇಲೆ ಸಿಟ್ಟು ಬಂದರೂ ಹೋಗಿ ಜಗಳವಾಡುವ ಮೊದಲು ಇನ್ನೊಮ್ಮೆ ಕಿತ್ತು ಸಿಕ್ಕಿಸಿದೆ. ಈ ಸಲ 5000 ಬಂತು. ಆಮೇಲೆ ಗೊತ್ತಾದ ಸಂಗತಿ ಇದು: ಯುಎಸ್‌ಬಿ 3ರ ನೀಲಿ ನಾಲಿಗೆಯ ಪ್ಲಗ್ಗಿನಲ್ಲಿ ಹಳೆಯ ನಾಲ್ಕು ಸಂಪರ್ಕಗಳು ಮುಂದೆ, ಹೊಸ ಐದು ಸಂಪರ್ಕಗಳು ಹಿಂದೆ ಇರುತ್ತವೆ. ಮೆಲ್ಲಗೆ ತಳ್ಳಿದರೆ ಮುಂದಿನ ನಾಲ್ಕು ಮೊದಲು ತಾಗಿ, ಪೈ ಅದನ್ನು ಯುಎಸ್‌ಬಿ 2 ಎಂದೇ ತಿಳಿದು ಹಾಗೇ ಮುಂದುವರಿಯುತ್ತದೆ. ಒಂದೇ ಏಟಿಗೆ ಗಟ್ಟಿಯಾಗಿ ತಳ್ಳಬೇಕು. ನಯ ನಾಜೂಕಿನಿಂದ ಕೆಡುವ ಕೆಲಸಗಳೂ ಇವೆ ಎಂದು ಅಂದು ತಿಳಿಯಿತು.

ಆ ಕೇಸು ವೇಗವನ್ನೇನೋ ಕೊಟ್ಟಿತು, ನೆಮ್ಮದಿಯನ್ನು ಕೊಡಲಿಲ್ಲ. ದಿನಕ್ಕೆ ಎರಡು ಮೂರು ಸಲ, ದೊಡ್ಡ ಫ್ಲೆಕ್ಸ್ ಕಡತವನ್ನು ಉಳಿಸುವಾಗ, ಇಡೀ ಪೈ ಅರ್ಧ ನಿಮಿಷ ಕಲ್ಲಾಗಿ ಕೂತು ಆಮೇಲೆ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತಿತ್ತು. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ದಿನಚರಿಯನ್ನು ಡಿಮೆಸೇಜ್ ಆಜ್ಞೆಯಿಂದ ತೆರೆದರೆ ಯುಎಎಸ್ ಎಂದು ಶುರುವಾಗುವ ಸಾಲುಗಳೂ ಅವುಗಳ ಕೆಳಗೆ ಸಾಧನವನ್ನು ಮರುಹೊಂದಿಸಲಾಗಿದೆ ಎಂಬ ಸಾಲುಗಳೂ ತುಂಬಿದ್ದವು. ಇದು ಪೈ ಬಳಸುವವರಿಗೆ ಹಳೆಯ ಪರಿಚಿತ ಕಾಯಿಲೆ. ಯುಎಸ್‌ಬಿ ಡಿಸ್ಕಿನೊಂದಿಗೆ ಮಾತಾಡಲು ಎರಡು ರೀತಿಗಳಿವೆ. ಹಳೆಯ ರೀತಿಯಲ್ಲಿ ಒಂದು ಆಜ್ಞೆ ಮುಗಿದ ಮೇಲೆಯೇ ಇನ್ನೊಂದು ಆಜ್ಞೆ. ಯುಎಎಸ್ ಎಂಬ ಹೊಸ ರೀತಿಯಲ್ಲಿ ಹಲವು ಆಜ್ಞೆಗಳನ್ನು ಒಟ್ಟಿಗೆ ಕೊಟ್ಟು ಡಿಸ್ಕು ತನಗೆ ಅನುಕೂಲವಾದ ಕ್ರಮದಲ್ಲಿ ಮುಗಿಸಲು ಬಿಡುತ್ತಾರೆ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಒಂದು ಟೇಬಲಿನ ದೋಸೆ ಬಡಿಸಿ ಮುಗಿಯುವ ತನಕ ಇನ್ನೊಂದು ಟೇಬಲಿನ ಆರ್ಡರನ್ನೇ ಕೇಳದ ಮಾಣಿಗೂ, ನಾಲ್ಕು ಟೇಬಲಿನ ಆರ್ಡರನ್ನು ಒಟ್ಟಿಗೆ ಹೆಂಚಿನ ಹತ್ತಿರ ಕೂಗಿ ಹೇಳುವ ಮಾಣಿಗೂ ಇರುವಷ್ಟೇ ವ್ಯತ್ಯಾಸ. ಕೆಲವು ದುಭಾಷಿ ಚಿಪ್ಪುಗಳು ತಮಗೆ ಯುಎಎಸ್ ಬರುತ್ತದೆಂದು ಹೇಳಿಕೊಂಡು, ಒತ್ತಡ ಬಿದ್ದಾಗ ತೊದಲುತ್ತವೆ.

ಇದಕ್ಕೆ ಔಷಧವಿದೆ. ಬೂಟ್ ಭಾಗದಲ್ಲಿರುವ ಸಿಎಂಡಿಲೈನ್ ಎಂಬ ಕಡತದಲ್ಲಿ ಯುಎಸ್‌ಬಿ ಸ್ಟೋರೇಜ್ ಕ್ವರ್ಕ್ಸ್ ಎಂಬ ಸೂಚನೆಯನ್ನು ಸೇರಿಸಿ, ಅದರ ಮುಂದೆ ಆ ಚಿಪ್ಪಿನ ತಯಾರಕರ ಗುರುತಿನ ನಾಲ್ಕು ಅಂಕಿಗಳನ್ನೂ ವಸ್ತುವಿನ ಗುರುತಿನ ನಾಲ್ಕು ಅಂಕಿಗಳನ್ನೂ ಕೊಟ್ಟು ಕೊನೆಯಲ್ಲಿ ಯು ಎಂಬ ಒಂದಕ್ಷರ ಇಟ್ಟರೆ, ಕರ್ನಲ್ ಆ ಸಾಧನದ ಜೊತೆ ಯುಎಎಸ್ ಬಿಟ್ಟು ಹಳೆಯ ರೀತಿಯಲ್ಲೇ ಮಾತಾಡುತ್ತದೆ. ಎರಡು ಎಚ್ಚರಿಕೆ: ಆ ಕಡತದಲ್ಲಿ ಇರುವುದೆಲ್ಲ ಒಂದೇ ಸಾಲಿನಲ್ಲಿ ಇರಬೇಕು, ಎಂಟರ್ ಒತ್ತಿ ಎರಡನೆಯ ಸಾಲಿಗೆ ಬರೆದರೆ ಅದು ಲೆಕ್ಕಕ್ಕಿಲ್ಲ, ಮತ್ತು ಮಾಡಿದ ತಿದ್ದುಪಡಿಯ ಒಂದು ಪ್ರತಿಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಕೇಸು ಬದಲಿಸಿದ ದಿನ ಅದನ್ನು ತೆಗೆಯಲು ಮರೆಯುವುದು ಖಂಡಿತ. ಔಷಧದಿಂದ ಸ್ತಂಭನ ನಿಂತಿತು. ಆದರೆ ದೊಡ್ಡ ಕಡತಗಳ ವೇಗ ಕಡಿಮೆಯಾಯಿತು, ಸಾವಿರಾರು ಚಿಕ್ಕ ಕಡತಗಳಿರುವ ಫೋಲ್ಡರು ತೆರೆಯುವಾಗ ಮೊದಲಿನ ಚುರುಕು ಉಳಿಯಲಿಲ್ಲ. ನಾನು ಎರಡು ತಿಂಗಳು ಹಾಗೇ ನಡೆಸಿದೆ. ಇಂದು ಯಾರಾದರೂ ಕೇಳಿದರೆ ಹಾಗೆ ನಡೆಸಬೇಡಿ ಎನ್ನುತ್ತೇನೆ. ಕ್ವರ್ಕ್ಸ್ ಬೇಕಾಗುವ ಕೇಸನ್ನು ಬ್ಯಾಕಪ್ ಡಿಸ್ಕಿಗೆ ಇಟ್ಟುಕೊಂಡು, ಬೂಟ್ ಡಿಸ್ಕಿಗೆ ಬೇರೆಯದನ್ನೇ ತರಬೇಕು.

ಎರಡನೆಯ ಕೇಸನ್ನು ಕೊಳ್ಳುವಾಗ ಒಳಗಿನ ಚಿಪ್ಪು ಯಾವುದೆಂದು ತಯಾರಕರೇ ಹೇಳಿಕೊಂಡಿದ್ದ ಒಂದನ್ನು ತರಿಸಿದೆ. ಬೆಲೆ ಮೊದಲನೆಯದರ ಎರಡೂವರೆ ಪಟ್ಟು. ಅದರಲ್ಲಿ ಯುಎಎಸ್ ಮೊದಲ ದಿನದಿಂದ ಸರಿಯಾಗಿ ನಡೆಯಿತು. ಟ್ರಿಮ್ ಕೂಡ ನಡೆಯಿತು, ಮತ್ತು ಈ ಟ್ರಿಮ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಾವು ಕಡತವೊಂದನ್ನು ಅಳಿಸಿದಾಗ ಆ ಜಾಗ ಖಾಲಿಯಾಯಿತೆಂದು ಎಸ್‌ಎಸ್‌ಡಿಗೆ ತಾನಾಗಿ ಗೊತ್ತಾಗುವುದಿಲ್ಲ. ಕಾರ್ಯಾಚರಣ ವ್ಯವಸ್ಥೆ ಹೇಳಬೇಕು, ಆ ಹೇಳಿಕೆಯೇ ಟ್ರಿಮ್. ಅದು ಗೊತ್ತಾಗದಿದ್ದರೆ ಎಸ್‌ಎಸ್‌ಡಿ ಸತ್ತ ಕಡತಗಳನ್ನೂ ಜೀವಂತವೆಂದು ತಿಳಿದು ಬ್ಲಾಕಿನಿಂದ ಬ್ಲಾಕಿಗೆ ಹೊರುತ್ತಾ ಸವೆಯುತ್ತದೆ. ಅಗ್ಗದ ದುಭಾಷಿಗಳು ಈ ಮಾತನ್ನು ದಾಟಿಸುವುದೇ ಇಲ್ಲ. ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಆಜ್ಞೆಗೆ ದೊಡ್ಡಕ್ಷರದ ಡಿ ಸೇರಿಸಿ ಕೊಟ್ಟಾಗ ಡಿಸ್ಕ್ ಗ್ರಾನ್ ಎಂಬ ಕಂಬಸಾಲಿನಲ್ಲಿ ಸೊನ್ನೆ ಬಂದರೆ ಟ್ರಿಮ್ ಇಲ್ಲ ಎಂದರ್ಥ. ನನ್ನ ಮೊದಲ ಕೇಸಿನಲ್ಲಿ ಸೊನ್ನೆ ಇತ್ತು.

ಈ ಹಂತದಲ್ಲಿ ನಾನೇ ಮಾಡಿಕೊಂಡ ಒಂದು ಎಡವಟ್ಟನ್ನೂ ಬರೆಯಬೇಕು. ಕಾರ್ಡಿನಲ್ಲಿದ್ದ ವ್ಯವಸ್ಥೆಯನ್ನು ಎಸ್‌ಎಸ್‌ಡಿಗೆ ನಕಲು ಮಾಡಲು ರಾಸ್ಪ್‌ಬೆರಿ ಪೈ ಓಎಸ್‌ನಲ್ಲೇ ಇರುವ ಎಸ್‌ಡಿ ಕಾರ್ಡ್ ಕಾಪಿಯರ್ ಬಳಸಿದೆ. ಅದರಲ್ಲಿ ಡಿಸ್ಕಿನ ಭಾಗಗಳಿಗೆ (ಪಾರ್ಟಿಷನ್‌ಗಳಿಗೆ) ಹೊಸ ಗುರುತುಗಳನ್ನು ಕೊಡಬೇಕೇ ಎಂದು ಕೇಳುವ ಒಂದು ಪುಟ್ಟ ಚೌಕವಿದೆ. ನಾನು ಅದಕ್ಕೆ ಟಿಕ್ ಹಾಕಲಿಲ್ಲ. ಬೂಟ್ ಕ್ರಮವನ್ನು ಬದಲಿಸಿ ಯುಎಸ್‌ಬಿಯನ್ನು ಮೊದಲು ಇಟ್ಟೆ, ಆಪತ್ತಿಗಿರಲಿ ಎಂದು ಕಾರ್ಡನ್ನೂ ಒಳಗೇ ಬಿಟ್ಟೆ. ಎಲ್ಲವೂ ಸುಸೂತ್ರವಾಗಿ ನಡೆದಂತೆ ಕಂಡಿತು. ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಸಂಜೆ ಪ್ರಿಂಟ್ ಕೊಟ್ಟು ಕಾಯುತ್ತಿರುವಾಗ ಬೋರ್ಡಿನ ಹಸಿರು ದೀಪ ಪಟಪಟ ಮಿಣುಕುತ್ತಿರುವುದು ಕಣ್ಣಿಗೆ ಬಿತ್ತು. ಪೈ 4ರಲ್ಲಿ ಆ ದೀಪ ಮಿಣುಕುವುದು ಎಸ್‌ಡಿ ಕಾರ್ಡಿನ ಓದು ಬರಹಕ್ಕೆ. ಯುಎಸ್‌ಬಿ ಡಿಸ್ಕಿನ ಕೆಲಸಕ್ಕೆ ಅದು ಮಿಸುಕುವುದಿಲ್ಲ. ಫೈಂಡ್‌ಮೌಂಟ್ ಆಜ್ಞೆಯಿಂದ ಮೂಲ ಕಡತ ವ್ಯವಸ್ಥೆ ಎಲ್ಲಿದೆಯೆಂದು ಕೇಳಿದೆ. ಉತ್ತರ ಬಂದದ್ದು ಕಾರ್ಡಿನ ಎರಡನೆಯ ಪಾರ್ಟಿಷನ್ ಎಂದು. ಅಂದರೆ ಕರ್ನಲ್ಲನ್ನು ಎಸ್‌ಎಸ್‌ಡಿಯಿಂದ ಎತ್ತಿಕೊಂಡು, ಅದೇ ಗುರುತಿನ ಪಾರ್ಟಿಷನ್ನು ಎರಡು ಕಡೆ ಇದ್ದುದರಿಂದ ಮೊದಲು ಸಿಕ್ಕ ಕಾರ್ಡಿಗೇ ಆತುಕೊಂಡು, ಅಷ್ಟು ದಿನವೂ ಅದು ಹಳೆಯ ಮನೆಯಲ್ಲೇ ಸಂಸಾರ ಮಾಡಿತ್ತು. ಎಸ್‌ಎಸ್‌ಡಿ ಹಾಕಿದ ಮೇಲೆ ಎಷ್ಟು ಚುರುಕಾಗಿದೆ ನೋಡು ಎಂದು ಆ ದಿನಗಳಲ್ಲಿ ನಾನು ಹೆಂಡತಿಗೆ ಎರಡು ಸಲ ಹೇಳಿದ್ದೆ.

ಇನ್ನು ಕರೆಂಟಿನ ವಿಷಯ. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರಿನ ಅಡಾಪ್ಟರು ಬೇಕು, ಮತ್ತು ಅದರ ನಾಲ್ಕೂ ಯುಎಸ್‌ಬಿ ಬಾಯಿಗಳು ಸೇರಿ ಕೊಡಬಲ್ಲದ್ದು ಒಟ್ಟು 1.2 ಆಂಪಿಯರ್. ಒಂದು ಸಾಟಾ ಎಸ್‌ಎಸ್‌ಡಿಗೆ ಅದು ಸಾಕಾಗುತ್ತದೆ, ಎರಡಕ್ಕೆ ಕಷ್ಟ. ಮೊಬೈಲ್ ಚಾರ್ಜರಿನಿಂದ ನಡೆಸುವವರನ್ನು ನಾನು ಬಹಳ ನೋಡಿದ್ದೇನೆ. ಖಾಲಿ ಕೂತಾಗ ಅದು ನಡೆಯುತ್ತದೆ, ಎಸ್‌ಎಸ್‌ಡಿ ಬರೆಯತೊಡಗಿದ ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಡಿಸ್ಕು ಒಂದು ಗಳಿಗೆ ಮಾಯವಾಗುತ್ತದೆ, ಮತ್ತು ಎಲ್ಲರೂ ಡಿಸ್ಕನ್ನೇ ಬೈಯುತ್ತಾರೆ. ವಿಸಿಜೆನ್‌ಕಮ್ಯಾಂಡ್ ಆಜ್ಞೆಯಿಂದ ಗೆಟ್ ಥ್ರಾಟಲ್ಡ್ ಎಂದು ಕೇಳಿದರೆ ಸೊನ್ನೆ ಬರಬೇಕು. 50000 ಬಂದರೆ, ಚಾಲೂ ಆದಾಗಿನಿಂದ ಒಮ್ಮೆಯಾದರೂ ವೋಲ್ಟೇಜ್ ಕುಸಿದು ಪ್ರೊಸೆಸರಿನ ವೇಗವನ್ನು ತಗ್ಗಿಸಬೇಕಾಯಿತು ಎಂದರ್ಥ. ಎಸ್‌ಎಸ್‌ಡಿ ಸರಿಯಿಲ್ಲ ಎಂದು ತೀರ್ಮಾನಿಸುವ ಮೊದಲು ಈ ಒಂದು ಸಂಖ್ಯೆಯನ್ನು ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಪೈ 5 ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಅದಕ್ಕೆ 5 ವೋಲ್ಟ್ 5 ಆಂಪಿಯರಿನ ಅಡಾಪ್ಟರು ಸಿಕ್ಕರೆ ಯುಎಸ್‌ಬಿ ಬಾಯಿಗಳಿಗೆ ಒಟ್ಟು 1.6 ಆಂಪಿಯರ್ ಬಿಡುತ್ತದೆ. ಹಳೆಯ 3 ಆಂಪಿಯರಿನದನ್ನೇ ಸಿಕ್ಕಿಸಿದರೆ 600 ಮಿಲಿ ಆಂಪಿಯರಿಗೆ ಕೈ ಬಿಗಿಹಿಡಿಯುತ್ತದೆ. ಅಷ್ಟೇ ಅಲ್ಲ, ಯುಎಸ್‌ಬಿ ಡಿಸ್ಕಿನಿಂದ ಬೂಟ್ ಮಾಡಹೋದರೆ ಹೆಚ್ಚು ಸಾಮರ್ಥ್ಯದ ಅಡಾಪ್ಟರು ಬೇಕೆಂದು ಪರದೆಯ ಮೇಲೆ ಬರೆದು ನಿಂತುಬಿಡುತ್ತದೆ. ಪಕ್ಕದ ಪವರ್ ಗುಂಡಿಯನ್ನು ಒತ್ತಿದರೆ, ನಿಮ್ಮ ಜವಾಬ್ದಾರಿ ಎಂಬಂತೆ ಮುಂದುವರಿಯುತ್ತದೆ. ಪರದೆ ಇಲ್ಲದೆ ಗೋಡೆಯ ಮೇಲೆ ಕೂತಿರುವ ಪೈ ಹೀಗೆ ನಿಂತರೆ ಅದು ಏಕೆ ನಿಂತಿತೆಂದು ಯಾರಿಗೂ ತಿಳಿಯದು. ನಾನು ಒಂದು ಭಾನುವಾರದ ಬೆಳಗನ್ನು ಇದಕ್ಕೆ ಕಳೆದುಕೊಂಡಿದ್ದೇನೆ. 27 ವ್ಯಾಟಿನ ಅಧಿಕೃತ ಅಡಾಪ್ಟರನ್ನು ಪೈ 5ರ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕುವುದು ಪ್ರಾಮಾಣಿಕ ಲೆಕ್ಕ.

ಪೈ 5ರಲ್ಲಿ ನನಗೆ ಇಷ್ಟವಾದದ್ದು ದುಭಾಷಿಯನ್ನೇ ಮನೆಗೆ ಕಳಿಸುವ ಅವಕಾಶ. 2023ರಲ್ಲಿ ಬಂದ ಈ ಬೋರ್ಡಿನಲ್ಲಿ, ಪ್ರೊಸೆಸರಿಗೂ ಡಿಸ್ಕಿನಂಥ ಭಾಗಗಳಿಗೂ ನಡುವಿನ ವೇಗದ ಸಂಪರ್ಕವಾದ ಪಿಸಿಐ ಎಕ್ಸ್‌ಪ್ರೆಸ್‌ನ ಒಂದು ಹಾದಿಯನ್ನು ಪುಟ್ಟ ರಿಬ್ಬನ್ ಕೇಬಲ್ಲಿನ ಬಾಯಿಯಾಗಿ ಹೊರಗೆ ಕೊಟ್ಟಿದ್ದಾರೆ. 2024ರ ಮೇ ತಿಂಗಳಲ್ಲಿ ಇದಕ್ಕೆಂದೇ ರಾಸ್ಪ್‌ಬೆರಿ ಪೈ ಕಂಪನಿ 12 ಡಾಲರಿಗೆ ಎಂ.2 ಹ್ಯಾಟ್ ಪ್ಲಸ್ ಎಂಬ ಹಲಗೆಯನ್ನು ಹೊರತಂದಿತು. ಎನ್‌ವಿಎಂಇ ಡಿಸ್ಕು ಪಿಸಿಐ ಭಾಷೆಯನ್ನೇ ಆಡುವುದರಿಂದ ನಡುವೆ ತಿರುಗಿಸುವ ಚಿಪ್ಪಿಲ್ಲ, ತೂಗಾಡುವ ಕೇಬಲ್ಲಿಲ್ಲ, ಯುಎಎಸ್ ಎಂಬ ಪದವನ್ನೇ ಮರೆಯಬಹುದು, ಟ್ರಿಮ್ ತಾನಾಗಿ ನಡೆಯುತ್ತದೆ. ಯುಎಸ್‌ಬಿ 3 ಕೇಬಲ್ಲುಗಳು 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿ ಮಾಡುವುದರಿಂದ ನಮ್ಮ ನಿಸ್ತಂತು ಮೌಸು ಎಸ್‌ಎಸ್‌ಡಿ ಕೆಲಸಕ್ಕೆ ಬಿದ್ದಾಗಲೆಲ್ಲ ಕುಂಟುತ್ತಿತ್ತು. ಆ ಕುಂಟುವಿಕೆಯೂ ನಿಂತಿತು.

ಜೋಡಣೆ ಸುಲಭ, ಆದರೆ ರಿಬ್ಬನ್ ಕೇಬಲ್ಲಿನ ವಿಷಯದಲ್ಲಿ ಕೈ ಹಗುರವಾಗಿರಬೇಕು. ಬೋರ್ಡಿನ ಕಡೆಯ ಬಾಯಿಯಲ್ಲಿ ಒಂದು ತೆಳುವಾದ ಪ್ಲಾಸ್ಟಿಕ್ ಬೀಗವಿದೆ; ಅದನ್ನು ಉಗುರಿನಿಂದ ಎರಡೂ ತುದಿಯಲ್ಲಿ ಸಮನಾಗಿ ಎತ್ತಿ, ಕೇಬಲ್ಲನ್ನು ನೇರವಾಗಿ ಇಳಿಸಿ, ಬೀಗವನ್ನು ಮತ್ತೆ ಒತ್ತಬೇಕು. ಕೂದಲೆಳೆಯಷ್ಟು ಓರೆಯಾದರೂ ಡಿಸ್ಕು ಕಾಣಿಸುವುದಿಲ್ಲ. ನನಗೆ ಮೂರನೆಯ ಯತ್ನದಲ್ಲಿ ಕಾಣಿಸಿತು. ಅಧಿಕೃತ ಹಲಗೆಯ ದೊಡ್ಡ ಮಿತಿ ಎಂದರೆ ಅದು 2230 ಮತ್ತು 2242 ಅಳತೆಯ, ಅಂದರೆ 30 ಅಥವಾ 42 ಮಿಲಿಮೀಟರ್ ಉದ್ದದ ಡಿಸ್ಕುಗಳನ್ನು ಮಾತ್ರ ಹಿಡಿಯುತ್ತದೆ. ನಮ್ಮೂರಿನ ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳಿದ ಕೂಡಲೇ ಕೈಗೆ ಸಿಗುವುದು 80 ಮಿಲಿಮೀಟರಿನ 2280. ಚಿಕ್ಕದನ್ನು ನಾನು ಬೆಂಗಳೂರಿನಿಂದ ತರಿಸಬೇಕಾಯಿತು. 2280 ಹಿಡಿಯುವ ಬೇರೆ ಕಂಪನಿಗಳ ಹಲಗೆಗಳು ಬೇಕಾದಷ್ಟಿವೆ, ಆದರೆ ಅವುಗಳಲ್ಲಿ ಕೆಲವನ್ನು ಬೂಟ್‌ಲೋಡರು ತಾನಾಗಿ ಗುರುತಿಸುವುದಿಲ್ಲ. ಇಇಪ್ರಾಮಿನಲ್ಲಿ ಪಿಸಿಐಇ ಪ್ರೋಬ್ ಎಂಬ ಆಯ್ಕೆಯನ್ನು 1 ಮಾಡಬೇಕಾಗುತ್ತದೆ. ಬೂಟ್ ಕ್ರಮವನ್ನು ಎಫ್416 ಮಾಡಿದರೆ ಮೊದಲು ಎನ್‌ವಿಎಂಇ, ಆಮೇಲೆ ಕಾರ್ಡು, ಆಮೇಲೆ ಯುಎಸ್‌ಬಿ ಎಂದಾಗುತ್ತದೆ.

ವೇಗದ ಬಗ್ಗೆ ಉತ್ಪ್ರೇಕ್ಷೆ ಬೇಡ. ಪೈ 4ರ ಕಾರ್ಡಿನ ಬಾಯಿಯ ಮಿತಿ ಸೆಕೆಂಡಿಗೆ 50 ಎಂಬಿ. ಅದೇ ಪೈಯಲ್ಲಿ ಒಳ್ಳೆಯ ಕೇಸಿನ ಸಾಟಾ ಎಸ್‌ಎಸ್‌ಡಿ 300 ಎಂಬಿ ದಾಟುತ್ತದೆ. ಪೈ 5ರ ಎನ್‌ವಿಎಂಇ, ಅಧಿಕೃತವಾಗಿ ಒಪ್ಪಿದ ಪಿಸಿಐ ಎಕ್ಸ್‌ಪ್ರೆಸ್ ಎರಡನೆಯ ಪೀಳಿಗೆಯ ವೇಗದಲ್ಲಿ, 400 ಎಂಬಿ ದಾಟುತ್ತದೆ. ಒಂದು ಸಾಲು ಬರೆದು ಮೂರನೆಯ ಪೀಳಿಗೆಯ ವೇಗಕ್ಕೆ ಏರಿಸಬಹುದು, ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಆದರೆ ಬೋರ್ಡಿಗೆ ಆ ವೇಗದ ಪ್ರಮಾಣೀಕರಣವಿಲ್ಲ. ನಾನು ಎರಡು ದಿನ ನೋಡಿ ಹಿಂದಕ್ಕೆ ಇಳಿಸಿದೆ. ಏಕೆಂದರೆ ನಮ್ಮ ಅಂಗಡಿಯಲ್ಲಿ ಕಡತಗಳು ಹರಿಯುವುದು ಗಿಗಾಬಿಟ್ ಈಥರ್‌ನೆಟ್ ಕೇಬಲ್ಲಿನಲ್ಲಿ, ಮತ್ತು ಅದರ ಗರಿಷ್ಠ ಮಿತಿಯೇ ಸೆಕೆಂಡಿಗೆ 125 ಎಂಬಿ. ತೊಟ್ಟಿಗೆ ಎಷ್ಟು ದೊಡ್ಡ ಪೈಪು ಹಾಕಿದರೂ ನಲ್ಲಿ ಅರ್ಧ ಇಂಚಿನದಾದರೆ ಬಿಂದಿಗೆ ತುಂಬುವ ಹೊತ್ತು ಬದಲಾಗದು. ವ್ಯತ್ಯಾಸ ನಿಜವಾಗಿ ತಿಳಿಯುವುದು ಬೇರೆಡೆ: ಹತ್ತು ವರ್ಷದ ಲಗ್ನಪತ್ರಿಕೆಗಳ ಫೋಲ್ಡರು ತೆರೆದು ಹುಡುಕುವಾಗ, ತಂತ್ರಾಂಶ ನವೀಕರಿಸುವಾಗ, ರಾತ್ರಿಯ ಬ್ಯಾಕಪ್ ನಡೆಯುತ್ತಿರುವಾಗಲೇ ಯಾರಾದರೂ ಕಡತ ತೆರೆದಾಗ. ಕಾರ್ಡಿನ ಕಾಲದಲ್ಲಿ ಬ್ಯಾಕಪ್ ಹೊತ್ತಿನಲ್ಲಿ ಉಳಿದವರೆಲ್ಲ ಕೈಕಟ್ಟಿ ಕೂರಬೇಕಿತ್ತು. ಸಾಟಾ ಎಸ್‌ಎಸ್‌ಡಿ ಬಂದ ದಿನವೇ ಅದು ನಿಂತಿತು. ಸಾಟಾದಿಂದ ಎನ್‌ವಿಎಂಇಗೆ ಹೋದಾಗ, ಸತ್ಯವಾಗಿ ಹೇಳುವುದಾದರೆ, ನಮ್ಮ ಹುಡುಗರಿಗೆ ಬದಲಾವಣೆ ಆದದ್ದೇ ಗೊತ್ತಾಗಲಿಲ್ಲ.

ಬಿಸಿಲಿನ ಬಗ್ಗೆ ನನಗೆ ಆತಂಕವಿತ್ತು. ನಮ್ಮ ಅಂಗಡಿಗೆ ಶೀಟಿನ ಚಾವಣಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಫ್ಯಾನಿನ ಗಾಳಿಯೂ ಬಿಸಿಯಾಗಿಯೇ ಬರುತ್ತದೆ. ಹ್ಯಾಟ್ ಪ್ಲಸ್ ಜೊತೆ ಕೊಡುವ ಎತ್ತರದ ಕಂಬಗಳಿಂದಾಗಿ ಕೆಳಗೆ ಪೈ 5ರ ಫ್ಯಾನಿರುವ ಕೂಲರು ಕೂರುತ್ತದೆ, ಡಿಸ್ಕು ಅದರ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಡಿಸ್ಕಿನ ಉಷ್ಣಾಂಶ 60 ಡಿಗ್ರಿಯ ಆಸುಪಾಸಿನಲ್ಲಿ ಓಡಾಡಿತು, ವೇಗ ತಗ್ಗಿಸಿಕೊಳ್ಳುವ ಹಂತಕ್ಕೆ ಹೋಗಲಿಲ್ಲ. ಡಿಸ್ಕಿನ ಬೆನ್ನಿಗೆ ಅಂಟಿಸುವ ಅಲ್ಯೂಮಿನಿಯಂ ಪಟ್ಟಿಯನ್ನು ಕೊಂಡಿದ್ದೆ. ಅದು ಇನ್ನೂ ಡ್ರಾಯರಿನಲ್ಲಿದೆ.

ಎಸ್‌ಎಸ್‌ಡಿ ಹಾಕಿದ ಮೇಲೆ ಕರೆಂಟ್ ಹೋದರೂ ಚಿಂತೆಯಿಲ್ಲ ಎಂದು ಮಾರುವವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಹಠಾತ್ತನೆ ಕರೆಂಟ್ ಹೋದಾಗ ಕೈಯಲ್ಲಿರುವ ಬರವಣಿಗೆಯನ್ನು ಮುಗಿಸುವಷ್ಟು ಶಕ್ತಿ ಹಿಡಿದಿಡುವ ಕೆಪಾಸಿಟರುಗಳು ಸರ್ವರುಗಳಿಗಾಗಿ ಮಾಡಿದ ದುಬಾರಿ ಎಸ್‌ಎಸ್‌ಡಿಗಳಲ್ಲಿ ಇರುತ್ತವೆ, ನಾವು ಕೊಳ್ಳುವವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಎಸ್‌ಎಸ್‌ಡಿ ಕಾರ್ಡಿಗಿಂತ ಚೆನ್ನಾಗಿ ಏಟು ತಡೆದುಕೊಳ್ಳುತ್ತದೆ, ಅಷ್ಟೆ. ಎನ್‌ವಿಎಂಇ ಡಿಸ್ಕಿನ ಆರೋಗ್ಯ ವರದಿಯಲ್ಲಿ ಅಸುರಕ್ಷಿತ ಸ್ಥಗಿತ ಎಂಬ ಒಂದು ಲೆಕ್ಕವಿರುತ್ತದೆ. ಹೇಳದೆ ಕೇಳದೆ ಕರೆಂಟ್ ಹೋದಾಗಲೆಲ್ಲ ಅದು ಒಂದು ಏರುತ್ತದೆ. ಮೊದಲ ಮೂರು ತಿಂಗಳಲ್ಲಿ ನನ್ನ ಡಿಸ್ಕು 19 ಎಂದು ಬರೆದಿಟ್ಟಿತ್ತು. ಯುಪಿಎಸ್ ಇದ್ದೂ ಹೀಗೇಕೆ ಎಂದು ನೋಡಿದರೆ ಅದರ ಬ್ಯಾಟರಿ ಮುದಿಯಾಗಿ, ಕರೆಂಟ್ ಹೋದ ಎರಡನೆಯ ನಿಮಿಷಕ್ಕೇ ಕೈಚೆಲ್ಲುತ್ತಿತ್ತು. ಬ್ಯಾಟರಿ ಬದಲಿಸಿದ ಮೇಲೆ ಆ ಸಂಖ್ಯೆ 20ಕ್ಕೆ ಏರಿ ಅಲ್ಲೇ ನಿಂತಿದೆ, ಆ ಒಂದೂ ಗುಡಿಸುವಾಗ ಪ್ಲಗ್ ಕಿತ್ತ ನನ್ನ ತಪ್ಪು.

ಇತರ ಬೋರ್ಡುಗಳ ಬಗ್ಗೆ ಹೆಚ್ಚು ಹೇಳಲಾರೆ. ಆರೆಂಜ್ ಪೈ 5ರಂಥವುಗಳಲ್ಲಿ ಎಂ.2 ಬಾಯಿ ಬೋರ್ಡಿನ ಮೇಲೆಯೇ ಇದೆ, ಬೇರೆ ಹಲಗೆ ಬೇಡ. ಆದರೆ ಅವು ನೇರವಾಗಿ ಎನ್‌ವಿಎಂಇಯಿಂದ ಏಳಲಾರವು, ಎಸ್‌ಪಿಐ ಫ್ಲ್ಯಾಶ್ ಎಂಬ ಚಿಪ್ಪಿಗೆ ನಾವೇ ಬೂಟ್‌ಲೋಡರನ್ನು ಬರೆಯಬೇಕು. ಒಮ್ಮೆ ಸ್ನೇಹಿತರಿಗೆ ಮಾಡಿಕೊಟ್ಟಿದ್ದೇನೆ. ಅಂಗಡಿಯ ಕೆಲಸದ ನಡುವೆ ಕಲಿಯುವಂಥದಲ್ಲ.

ಹೊಸದಾಗಿ ಶುರುಮಾಡುವವರಿಗೆ, ಕೈಯಲ್ಲಿ ಈಗಾಗಲೇ ಪೈ 4 ಇದ್ದರೆ ಅದನ್ನು ಬಿಡುವ ಅಗತ್ಯವಿಲ್ಲ. ಚಿಪ್ಪಿನ ಹೆಸರು ಹೇಳುವ ಕೇಸು, ಸಾಧಾರಣ ಸಾಟಾ ಎಸ್‌ಎಸ್‌ಡಿ ಮತ್ತು ಸರಿಯಾದ ಅಡಾಪ್ಟರು ಸಾಕು. ಹೊಸ ಬೋರ್ಡನ್ನೇ ಕೊಳ್ಳುವುದಾದರೆ ಪೈ 5 ಮತ್ತು ಹ್ಯಾಟ್ ಪ್ಲಸ್ ಮೇಲು, ಏಕೆಂದರೆ ಕೆಡಬಹುದಾದ ಒಂದು ತುಂಡು ಅದರಲ್ಲಿ ಕಡಿಮೆ. ಕಳೆದ ತಿಂಗಳು ಹರಿಹರದಲ್ಲಿ ನನ್ನ ತಮ್ಮ ತೆರೆದ ಅಂಗಡಿಗೆ ನನ್ನ ಹಳೆಯ ಪೈ 4 ಮತ್ತು ಎಸ್‌ಎಸ್‌ಡಿಯನ್ನು ಕೊಟ್ಟೆ. ಅವನು ತನಗೆ ಬೇಕಾದ ಎರಡನೆಯ ಕೇಸನ್ನು ಕೊಳ್ಳಲು ಹೋದಾಗ ಜೊತೆಗೆ ನಾನೂ ಹೋಗಿ, ಕೌಂಟರಿನ ಮೇಲೆಯೇ ಪೈ ಹಚ್ಚಿ, ಎಲ್‌ಎಸ್‌ಯುಎಸ್‌ಬಿ ಮತ್ತು ಎಲ್‌ಎಸ್‌ಬಿಎಲ್‌ಕೆ ಎರಡನ್ನೂ ಓಡಿಸಿ ನೋಡಿದೆ. ಅಂಗಡಿಯವರು ಮೊದಲು ಮುಖ ಸಿಂಡರಿಸಿದರು. ನಾಲ್ಕನೆಯ ಕೇಸಿಗೆ 5000 ಬಂತು, ಸೊನ್ನೆ ಹೋಯಿತು. ದುಡ್ಡು ಕೊಟ್ಟು ಬಂದೆವು.